ಜೀರ್ಣೋದ್ಧಾರ ಮತ್ತು ಅದರ ದಾಖಲೆ

ಜಿನಮಂದಿರವನ್ನು ಹೊಸದಾಗಿ ಕಟ್ಟಿಸಿದವನಿಗೆ ದೊರೆಯುವ ಪುಣ್ಯವು ಶಿಥಿಲವಾದುದನ್ನು ಉದ್ಧರಿಸಿದವನಿಗೂ ದೊರೆಯುವುದೆಂಬುದು ನಮ್ಮ ಹಿರಿಯರ ನಂಬಿಕೆ. ಪ್ರತಿಷ್ಠಾ ಮಹೋತ್ಸವದ ಈ ಶುಭಸಂದರ್ಭದಲ್ಲಿ, ಜೀರ್ಣೋದ್ಧಾರದ ಅಂಗವೇ ಆದ ದಾಖಲೆಯ ವಿಷಯವಾಗಿ ನಾಲ್ಕು ಮಾತುಗಳನ್ನು ಧರ್ಮಬಂಧುಗಳ ಮುಂದಿಡಲು ಅಪೇಕ್ಷಿಸುತ್ತೇನೆ.

ಹಂಗಳದಿಂದ ಗುಂಡ್ಲುಪೇಟೆ, ತೆರಕಣಾಂಬಿಗಳ ಮಾರ್ಗವಾಗಿ ಚಾಮರಾಜನಗರಕ್ಕೆ ಹೋದರೆ ಅಲ್ಲಿ ಶ್ರೀ ಪಾರ್ಶ್ವನಾಥ ಬಸದಿಯ ದರ್ಶನವಾಗುತ್ತದೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸಮಯ್ಯನು ಇದನ್ನು ಕಟ್ಟಿಸಿದನೆಂಬುದು ಕ್ರಿ.ಶ. 1117ರ ಶಾಸನದಿಂದ ವಿದಿತವಾಗುತ್ತದೆ. ಆತನ ನೀಲಗಿರಿಯ ವಿಜಯವನ್ನು ಸಾರುವ ಅದೇ ಶಾಸನವು, ನಷ್ಟಹೊಂದಿದ ವರ್ತಕರಿಗೂ ಬಿತ್ತನೆಯ ಬೀಜವಿಲ್ಲದ ಒಕ್ಕಲಿಗರಿಗೂ ಆತನು ನೆರವಾದುದನ್ನೂ, ಗಂಗವಾಡಿಯ ಬಸದಿಗಳನ್ನು ಅಲಂಕರಿಸಿದುದನ್ನೂ ತಿಳಿಸುತ್ತದೆ. ಅರಿಕುಠಾರವೆಂಬ ಆ ಊರಿಗೆ 1818ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯವರ ಹೆಸರನ್ನಿಟ್ಟರು. ರಾಜ್ಯಗಳು ಅಳಿದವು, ಊರಿನ ಹೆಸರೂ ಬದಲಾಯಿತು. ದಾನಿಯ ಕಾರ್ಯವು ಬರಹದಿಂದಲೇ ಉಳಿಯಿತು.

ಕಟ್ಟಡವು ತಾನು ನಿಂತ ನೆಲವನ್ನು ಬಿಟ್ಟು ಹೋಗಲಾರದು. ಸಮುದ್ರದಾಚೆಯವರಿಗೆ ಅದನ್ನು ತೋರಿಸಬೇಕಾದರೆ ನಕ್ಷೆ, ಛಾಯಾಚಿತ್ರ, ಬರಹಗಳೇ ಸಾಧನ. ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪದ ಛಾಯಾಚಿತ್ರ ಗ್ರಂಥವು 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಅದಕ್ಕೆ ವಾಸ್ತುವಿವರಣೆ ಬರೆದ ಜೇಮ್ಸ್ ಫರ್ಗುಸನ್ ಎಂಬ ವಿದ್ವಾಂಸರು ಮರುವರ್ಷ ಪ್ಯಾರಿಸ್ಸಿನ ಮಹಾಪ್ರದರ್ಶನದಲ್ಲಿ ಭಾರತೀಯ ಕಟ್ಟಡಗಳ ಛಾಯಾಚಿತ್ರಗಳನ್ನು ಜೋಡಿಸಿಟ್ಟರು. 1876ರ ತಮ್ಮ ಗ್ರಂಥದಲ್ಲಿ ಅವರು ಮೂಡಬಿದರೆಯ ಬಸದಿಗಳನ್ನು ವರ್ಣಿಸಿ, ಅವುಗಳ ಇಳಿಜಾರು ಮಾಡುಗಳನ್ನು ನೇಪಾಳದ ಶೈಲಿಗೆ ಹೋಲಿಸಿದರು. ಹೀಗೆ ನಮ್ಮ ಬಸದಿಗಳು ಪಾಶ್ಚಾತ್ಯ ವಿದ್ವಾಂಸರ ಗಮನಕ್ಕೆ ಬಂದವು.

1964ರಲ್ಲಿ ಇಟಲಿಯ ವೆನಿಸ್ ನಗರದಲ್ಲಿ ಸ್ಮಾರಕ ಸಂರಕ್ಷಣೆಯ ತಜ್ಞರು ಸಭೆ ಸೇರಿ ಒಂದು ನಿಯಮಾವಳಿಯನ್ನು ರೂಪಿಸಿದರು. ಹೊಸದಾಗಿ ಸೇರಿಸಿದ ಭಾಗವು ಹಳೆಯದಕ್ಕೆ ಹೊಂದಿಕೊಳ್ಳಬೇಕು, ಆದರೆ ಹೊಸತೆಂದು ಗುರುತಿಗೆ ಸಿಗಬೇಕು. ಕಾರ್ಯದ ಪ್ರತಿಯೊಂದು ಹಂತವನ್ನೂ ನಕ್ಷೆ, ಛಾಯಾಚಿತ್ರಗಳೊಡನೆ ವರದಿಯಾಗಿಸಿ ಸಾರ್ವಜನಿಕ ಸಂಸ್ಥೆಯಲ್ಲಿ ಇರಿಸಬೇಕು ಎಂಬುದು ಅದರ ಸಾರ. 2023ರ ಸೆಪ್ಟೆಂಬರಿನಲ್ಲಿ ಸೌದಿ ಅರೇಬಿಯಾದ ರಿಯಾದ್ ನಗರದಲ್ಲಿ ನಡೆದ ಅಧಿವೇಶನದಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದುದೂ ಇಂತಹ ದಾಖಲೆಗಳ ಬಲದಿಂದಲೇ. ಹೊರನಾಡಿನ ಸಭೆಯಲ್ಲಾಗಲಿ ಪ್ರದರ್ಶನದಲ್ಲಾಗಲಿ ನೋಡುವವರು ಕೇಳುವುದು ಎಷ್ಟು ಹಣ ವೆಚ್ಚವಾಯಿತೆಂದಲ್ಲ. ಮೊದಲು ಏನಿತ್ತು, ಏನನ್ನು ಬದಲಿಸಿದಿರಿ, ಏತಕ್ಕೆ ಬದಲಿಸಿದಿರಿ ಎಂದು.

ಈ ಪ್ರಶ್ನೆಗಳಿಗೆ ನಮ್ಮಲ್ಲಿ ಉತ್ತರವುಂಟೇ? ಭಕ್ತಿಯ ಭರದಲ್ಲಿ ಶಾಸನದ ಮೇಲೆ ಬಣ್ಣ ಬಳಿಯುವುದು, ಹಳೆಯ ಚಪ್ಪಡಿಗಳನ್ನು ಕಿತ್ತು ನುಣುಪಾದ ಕಲ್ಲು ಹಾಸುವುದು ಅಲ್ಲಲ್ಲಿ ನಡೆಯುತ್ತಿದೆ. ಕಿತ್ತ ಕಲ್ಲಿನೊಡನೆ ಅದರ ಇತಿಹಾಸವೂ ಹೋಗುತ್ತದೆ. ವ್ಯಾಪಾರಿಗಳಾದ ನಾವು ಒಂದು ರೂಪಾಯಿಯನ್ನೂ ಕಿರ್ದಿಗೆ ಹತ್ತಿಸದೆ ಬಿಡುವವರಲ್ಲ. ಬಸದಿಯ ವಿಷಯದಲ್ಲಿ ಮಾತ್ರ ಬಂದ ದೇಣಿಗೆಯ ಲೆಕ್ಕವನ್ನಿಟ್ಟು, ಹೋದ ಕಲ್ಲಿನ ಲೆಕ್ಕವನ್ನು ಮರೆಯುವುದು ಸರಿಯೇ?

ಆದುದರಿಂದ ಕೆಲಸಕ್ಕೆ ಕೈಯಿಡುವ ಮುನ್ನ ಬಸದಿಯ ಅಳತೆ ತೆಗೆಸಿ ನಕ್ಷೆ ಮಾಡಿಸುವುದು, ಮೊದಲಿನ ಸ್ಥಿತಿಯ ಛಾಯಾಚಿತ್ರ ತೆಗೆಸುವುದು, ಶಾಸನಗಳ ಪಡಿಯಚ್ಚು ಮಾಡಿಸುವುದು, ಬದಲಿಸಿದ ಭಾಗಗಳ ಪಟ್ಟಿ ಬರೆದಿಡುವುದು ಪ್ರತಿಯೊಂದು ಬಸದಿಯ ಸಮಿತಿಯ ಕರ್ತವ್ಯವಾಗಬೇಕು. ಇದಕ್ಕೆ ತಗಲುವ ವೆಚ್ಚ ಅಲ್ಪ. ಪುಣಿಸಮಯ್ಯನು ಕಲ್ಲಿನಲ್ಲಿ ಬರೆಯಿಸಿಟ್ಟುದರಿಂದ ಒಂಬೈನೂರು ವರ್ಷಗಳ ಅನಂತರ ನಾವು ಅವನನ್ನು ನೆನೆಯುತ್ತಿದ್ದೇವೆ. ನಾವು ಕಾಗದದಲ್ಲಾದರೂ ಬರೆದಿಟ್ಟರೆ ಮುಂದಿನವರು ನಮ್ಮನ್ನು ನೆನೆದಾರು. ಸರ್ವರಿಗೂ ಮಂಗಳವಾಗಲಿ.