ಕತ್ತಲಲ್ಲಿ ಶಾಖ ನೋಡೋ ಲೆನ್ಸು: ಅಚ್ಚಿನಲ್ಲಿ ಒತ್ತಿದಾಗ ಆಗೋದೇನು?

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯವರಿಗೆ ಗೌರಿ ಹುಣ್ಣಿಮೆಯ ಸಕ್ಕರಿ ಗೊಂಬೆ ಗೊತ್ತೇ ಇರುತ್ತೆ. ಕಟ್ಟಿಗೆಯ ಅಚ್ಚಿಗೆ ಬಿಸಿ ಪಾಕ ಹೊಯ್ದು, ಆರಿದ ಮೇಲೆ ಬಿಚ್ಚೋದು. ಇವತ್ತಿನ ಕಥೆಯೂ ಅಚ್ಚಿನದೇ, ಆದರೆ ಇಲ್ಲಿ ತಯಾರಾಗೋದು ಥರ್ಮಲ್ ಕ್ಯಾಮೆರಾದ ಲೆನ್ಸು.

1800ರಲ್ಲಿ ವಿಲಿಯಂ ಹರ್ಷೆಲ್ ಬಿಸಿಲನ್ನು ಪಟ್ಟಕದಲ್ಲಿ ಒಡೆದು, ಕೆಂಪು ಬಣ್ಣದ ಆಚೆ ಥರ್ಮಾಮೀಟರ್ ಇಟ್ಟರು. ಏನೂ ಕಾಣದ ಜಾಗದಲ್ಲಿ ಪಾದರಸ ಏರಿತು. ಅದೇ ಇನ್‌ಫ್ರಾರೆಡ್. ನಮ್ಮ ಮೈಯಿಂದಲೂ ಅದು ಹೊರಡುತ್ತೆ, ಆದರೆ ಕಿಟಕಿ ಗಾಜು ಅದನ್ನು ದಾಟಗೊಡಲ್ಲ. ಹಾಗಾಗಿ ಜರ್ಮೇನಿಯಂ ಲೆನ್ಸು ಬಂತು. ಅದು ದುಬಾರಿ, ವಜ್ರದ ಮೊನೆಯಿಂದ ಒಂದೊಂದಾಗಿ ಕಡೆಯಬೇಕು. ಬಿಸಿ ಏರಿದರೆ ಫೋಕಸ್ಸೂ ಜರುಗುತ್ತೆ. ನಮ್ಮ ಏಪ್ರಿಲ್ ಬಿಸಿಲಿಗೆ ಹೇಳಿ ಮಾಡಿಸಿದ್ದಲ್ಲ ಬಿಡಿ. 2023ರ ಆಗಸ್ಟ್‌ನಿಂದ ಚೀನಾ ಅದರ ರಫ್ತನ್ನೂ ಬಿಗಿ ಮಾಡಿತು.

ಇನ್ನೊಂದು ದಾರಿ 1950ರ ಹೊತ್ತಿಗೇ ತೆರೆದಿತ್ತು. ರುಡಾಲ್ಫ್ ಫ್ರೆರಿಕ್ಸ್ ಆರ್ಸೆನಿಕ್ ಮತ್ತು ಗಂಧಕದಿಂದ ಗಾಜು ಮಾಡಿ, ಅದು 12 ಮೈಕ್ರಾನ್‌ವರೆಗೆ ಇನ್‌ಫ್ರಾರೆಡ್ ಬಿಡುತ್ತೆ ಅಂತ ತೋರಿಸಿದರು. ಗಂಧಕ, ಸೆಲೆನಿಯಂ, ಟೆಲ್ಲೂರಿಯಂ ಸೇರಿದ ಈ ಗಾಜುಗಳ ಹೆಸರು ಚಾಲ್ಕೋಜೆನೈಡ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಇವುಗಳ ಮೇಲೆ ದೊಡ್ಡ ಕೆಲಸ ಆಗಿದೆ. ಬೆರಕೆಯ ಪ್ರಮಾಣ ಬದಲಾದಂತೆ ಇವುಗಳ ಒಳಜಾಲ ಯಾವ ಹದದಲ್ಲಿ ಬಿಗಿಯಾಗುತ್ತೆ ಅಂತ ಎಸ್. ಅಶೋಕನ್, ಇ.ಎಸ್.ಆರ್. ಗೋಪಾಲ್ ಮತ್ತವರ ತಂಡ 1989ರಲ್ಲಿ ಬರೆದಿತ್ತು. ಅದು ಲೆನ್ಸಿನ ಸಂಶೋಧನೆ ಅಲ್ಲ, ಗಾಜಿನ ಸ್ವಭಾವದ್ದು.

ಆ ಸ್ವಭಾವವೇ ಅಚ್ಚಿನಲ್ಲಿ ತಕರಾರು ತೆಗೆಯೋದು. ಈ ಗಾಜು ಕಡಿಮೆ ಶಾಖಕ್ಕೇ ಮೆತ್ತಗಾಗುತ್ತೆ, ಒತ್ತಿದರೆ ಲೆನ್ಸು ಸಿದ್ಧ, ಮತ್ತೆ ಕಡೆಯೋ ಕೆಲಸ ಇಲ್ಲ. ಕಾರ್ಖಾನೆಗೆ ಅವಸರ, ಬೇಗ ತಣ್ಣಗೆ ಮಾಡ್ತಾರೆ. ಆಗ ಅಣುಗಳಿಗೆ ಒತ್ತಾಗಿ ಕೂರೋಕೆ ಪುರುಸೊತ್ತು ಸಿಗಲ್ಲ. ಗಾಜು ಒಂಚೂರು ಸಡಿಲವಾಗೇ ಉಳಿಯುತ್ತೆ, ಬೆಳಕನ್ನು ಬಗ್ಗಿಸೋ ಶಕ್ತಿ, ಅಂದ್ರೆ ವಕ್ರೀಭವನ ಸೂಚ್ಯಂಕ, ಇಳಿಯುತ್ತೆ. ಸೂಚ್ಯಂಕ ಸುಮಾರು 2.5 ಇದ್ದ ಕಡೆ ಇಳಿಕೆ 0.01ರ ಆಸುಪಾಸು. ಕೇಳೋಕೆ ಸಣ್ಣದು, ಆದರೆ ಡಿಸೈನರ್ ಲೆಕ್ಕ ಹಾಕಿದ್ದು ಹಳೇ ಸಂಖ್ಯೆಗೆ. ಆಕಾರ ಕರಾರುವಾಕ್ಕಾಗಿದ್ರೂ ಚಿತ್ರ ಮಸುಕು! ಅಂಚು ಒಂದು ಥರ, ನಡು ಇನ್ನೊಂದು ಥರ ತಣಿದರಂತೂ ಒಂದೇ ಲೆನ್ಸಿನೊಳಗೆ ಸೂಚ್ಯಂಕ ಏರುಪೇರು.

ಪರಿಹಾರ ಎರಡು. ಮತ್ತೆ ಕಾಯಿಸಿ ನಿಧಾನಕ್ಕೆ ಆರಿಸಿದರೆ ಸೂಚ್ಯಂಕ ಬಹುಪಾಲು ಹಿಂದಿರುಗುತ್ತೆ, ಆದರೆ ಆಕಾರ ಜರುಗೋ ಭಯ ಇದೆ. ಇಲ್ಲವಾದ್ರೆ, ಇಷ್ಟು ಇಳಿಯುತ್ತೆ ಅಂತ ಮೊದಲೇ ಲೆಕ್ಕ ಹಿಡಿದು, ಅಚ್ಚನ್ನೇ ಅದಕ್ಕೆ ತಕ್ಕಂತೆ ಕೊರೆಯೋದು. ಆಮೇಲೆ ಪ್ರತಿ ಲೆನ್ಸನ್ನೂ ಅದೇ ವೇಗದಲ್ಲಿ ತಣಿಸಬೇಕು. ವೇಗ ಬದಲಾದರೆ ಆ ಅಚ್ಚು ಲೆಕ್ಕಕ್ಕೆ ಬರಲ್ಲ.