ಮನೆಯ ವೈರಿಂಗ್ ಬದಲಿಸಲು ಯಾರ ಅನುಮತಿ ಬೇಕು?

ಕಳೆದ ಮಳೆಗಾಲದಲ್ಲಿ ಹಟ್ಟಿಯಂಗಡಿಯ ನಮ್ಮ ಮನೆಯ ಬಚ್ಚಲಿನ ನಲ್ಲಿ ಮುಟ್ಟಿದ ಅಮ್ಮನ ಕೈ ಜುಂ ಅಂದಿತ್ತು. ಹಳೇ ಹೆಂಚಿನ ಮನೆ, ಮರದ ಪಟ್ಟಿಯ ಮೇಲೆ ಓಡುವ ವೈರು, ಮುಟ್ಟಿದರೆ ಪುಡಿಯಾಗುವ ರಬ್ಬರ್ ಹೊದಿಕೆ. ಪೂರ್ತಿ ಬದಲಿಸಲೇಬೇಕು ಅಂತ ಆಯ್ತು. “ಅದ್ಕೆಲ್ಲ ಪರ್ಮಿಷನ್ ಎಂತಕ್ಕೆ ಮಾರಾಯ, ಎರಡ್ ದಿನದ್ ಕೆಲ್ಸ” ಅಂದರು ದೊಡ್ಡಪ್ಪ. ಪಕ್ಕದ ಮನೆಯವರದ್ದು ಉಲ್ಟಾ: “ಪಂಚಾಯ್ತಿಗೆ ಅರ್ಜಿ ಕೊಡ್ಕ್, ಈಗ ಓಸಿ ಇಲ್ದಿರೆ ಕರೆಂಟೇ ಕೊಡುದಿಲ್ಲ ಅಂಬ್ರ್.” ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಿದ ನನಗೆ ಇಬ್ಬರೂ ಹೇಳಿದ್ದು ತಪ್ಪು ಅನ್ನಿಸಿತು. ಸರಿ ಯಾವುದು ಅಂತ ಹೇಳಲು ಮಾತ್ರ ನಿಯಮಾವಳಿ ತೆಗೆದು ಕೂರಬೇಕಾಯ್ತು. ನಾಲ್ಕು ವರ್ಷದ ಕೋರ್ಸಿನಲ್ಲಿ ಇದನ್ನು ಯಾರೂ ಕಲಿಸಿರಲಿಲ್ಲ.

ಮೊದಲು ಪಂಚಾಯಿತಿ ವಿಷಯ ಮುಗಿಸೋಣ. 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣದ ಪ್ರಕಾರ ಗ್ರಾಮ ಪಂಚಾಯಿತಿಯ ಲೈಸೆನ್ಸ್ ಬೇಕಾಗುವುದು ಕಟ್ಟಡ ಕಟ್ಟುವುದಕ್ಕೆ, ವಿಸ್ತರಿಸುವುದಕ್ಕೆ. ಇರುವ ಗೋಡೆಯೊಳಗೆ ವೈರ್ ಬದಲಿಸುವುದು ಆ ಲೆಕ್ಕಕ್ಕೆ ಬರುವುದಿಲ್ಲ. ಓಸಿ ಗಲಾಟೆ ಶುರುವಾಗಿದ್ದು 2024ರ ಡಿಸೆಂಬರ್ 17ರ ಸುಪ್ರೀಂ ಕೋರ್ಟ್ ತೀರ್ಪಿನಿಂದ. ಸ್ವಾಧೀನ ಪ್ರಮಾಣಪತ್ರ ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದು ಅಂತ ಅದು ಹೇಳಿತು, ಮರುವರ್ಷ ರಾಜ್ಯದಲ್ಲಿ ಸಾವಿರಾರು ಜನ ಪರದಾಡಿದರು. ಆದರೆ ಅದು ಹೊಸ ಸಂಪರ್ಕದ ಪ್ರಶ್ನೆ. ದಶಕಗಳಿಂದ ಮೀಟರ್ ಓಡುತ್ತಿರುವ ಮನೆಯೊಳಗಿನ ವೈರಿಂಗಿಗೂ ಅದಕ್ಕೂ ಸಂಬಂಧ ಇಲ್ಲ.

ಹಾಗಂತ ದೊಡ್ಡಪ್ಪ ಹೇಳಿದಂತೆ ಯಾರು ಬೇಕಾದರೂ ಮಾಡುವ ಕೆಲಸವೂ ಅಲ್ಲ. 1956ರ ಭಾರತೀಯ ವಿದ್ಯುತ್ ನಿಯಮಗಳ 45ನೇ ನಿಯಮದಲ್ಲೇ ಇದು ಸ್ಪಷ್ಟವಾಗಿತ್ತು; ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಾವಳಿಗೂ ಬಂತು, ಅದರ ಜಾಗಕ್ಕೆ ಬಂದ 2023ರ ನಿಯಮಾವಳಿಯಲ್ಲೂ ಮುಂದುವರಿದಿದೆ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಇಂಥವನ್ನು, ಒಟ್ಟು ವ್ಯವಸ್ಥೆಯ ಸಾಮರ್ಥ್ಯ ಬದಲಾಗದ ಹಾಗೆ, ನೀವೇ ಬದಲಿಸಿಕೊಳ್ಳಬಹುದು. ಅದನ್ನು ಬಿಟ್ಟು ಹೊಸ ಲೈನ್ ಎಳೆಯುವುದು, ಇದ್ದದ್ದನ್ನು ಬದಲಿಸುವುದು, ರಿಪೇರಿ ಮಾಡುವುದು ಎಲ್ಲವನ್ನೂ ರಾಜ್ಯ ಸರ್ಕಾರದ ಲೈಸೆನ್ಸ್ ಇರುವ ಗುತ್ತಿಗೆದಾರನೇ, ಅರ್ಹತಾ ಪತ್ರ ಇರುವವರ ನೇರ ಮೇಲ್ವಿಚಾರಣೆಯಲ್ಲಿ ಮಾಡಬೇಕು. ಕರ್ನಾಟಕದಲ್ಲಿ ಈ ಲೈಸೆನ್ಸ್, ಸೂಪರ್‌ವೈಸರ್ ಮತ್ತು ವೈರ್‌ಮನ್ ಪರ್ಮಿಟ್‌ಗಳನ್ನು ನೋಡಿಕೊಳ್ಳುವುದು ವಿದ್ಯುತ್ ಪರಿವೀಕ್ಷಣಾಲಯ ಇಲಾಖೆ, ಮೆಸ್ಕಾಂ ಅಲ್ಲ. ಮೀಟರ್ ತನಕದ್ದು ಮೆಸ್ಕಾಂ ಜವಾಬ್ದಾರಿ, ಆಮೇಲಿನದ್ದು ನಿಮ್ಮದು.

ಮೆಸ್ಕಾಂ ಬಾಗಿಲಿಗೆ ಹೋಗಬೇಕಾಗುವುದು ಲೋಡ್ ಹೆಚ್ಚಾದಾಗ. ನಮ್ಮ ಕಡೆ ಎಷ್ಟೋ ಹಳೇ ಮನೆಗಳಿಗೆ ಮಂಜೂರಾದದ್ದು ಒಂದು ಕಿಲೋವ್ಯಾಟ್ ಆಸುಪಾಸು. ಒಂದು ಗೀಸರ್ರೇ ಎರಡು ಕಿಲೋವ್ಯಾಟ್ ಎಳೆಯುತ್ತದೆ. ಮುಂಬೈಯಿಂದ ಮಗ ಬಂದಾಗ ಏಸಿ ಬೇರೆ. ಆಗ ಹೆಚ್ಚುವರಿ ಲೋಡಿಗೆ ಅರ್ಜಿ ಹಾಕಬೇಕು, ಗುತ್ತಿಗೆದಾರ ಸಹಿ ಮಾಡಿದ ಕಂಪ್ಲೀಷನ್ ರಿಪೋರ್ಟ್ ಕೊಡಬೇಕು.

ಈ ಸಹಿಯಲ್ಲೇ ಇರುವುದು ಸಮಸ್ಯೆ. ನಾವು ಮೊದಲು ಮಾತಾಡಿಸಿದ ಹುಡುಗ ಕೆಲಸದಲ್ಲಿ ಜೋರು, ಪರ್ಮಿಟ್ ಇಲ್ಲ. “ರಿಪೋರ್ಟಿಗೆ ಬೇರೆಯವ್ರ್ ಸೈನ್ ಹಾಕ್ಸ್ತೆ, ಅವ್ರ್ ಬಪ್ಪುದ್ ಬ್ಯಾಡ” ಅಂದ. ಅವನೊಬ್ಬನನ್ನೇ ಬೈದು ಪ್ರಯೋಜನವಿಲ್ಲ. ಅಗ್ಗಕ್ಕೆ ಕೆಲಸ ಬೇಕು ಅನ್ನುವವರು ನಾವೇ. ಆದರೆ ಮನೆ ನೋಡದೆ ಹಾಕಿದ ಸಹಿ ಅಂದರೆ, ವೈರಿನ ಹೊದಿಕೆ ಸರಿ ಇದೆಯಾ, ಅರ್ಥ್ ಭೂಮಿಗೆ ನಿಜವಾಗಿ ಸೇರಿದೆಯಾ ಅಂತ ಯಾರೂ ಅಳೆದಿಲ್ಲ ಅಂತಲೇ. ಲೋಡ್ ಹೆಚ್ಚಾಗದಿದ್ದರೆ ಆ ಕಾಗದವನ್ನೂ ಯಾರೂ ಕೇಳುವುದಿಲ್ಲ. ಪೂರ್ತಿ ಮನೆ ರೀವೈರಿಂಗ್ ಆಗಿದ್ದು ಸರ್ಕಾರಕ್ಕೆ ಗೊತ್ತಾಗುವುದು, ಯಾರಾದರೂ ಶಾಕ್ ಹೊಡೆದು ಸತ್ತ ಮೇಲೆ, ವಿದ್ಯುತ್ ಕಾಯ್ದೆಯ 161ನೇ ಪ್ರಕರಣದಡಿ ತನಿಖೆಗೆ ಪರಿವೀಕ್ಷಕರು ಬಂದಾಗ.

ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಇದು ಕಟ್ಟಡ ನಿಯಮದ ಒಳಗೇ ಇದೆ. 2005ರ ಜನವರಿಯಿಂದ ‘ಪಾರ್ಟ್ ಪಿ’ ಜಾರಿಯಲ್ಲಿದೆ. ಮನೆ ರೀವೈರ್ ಮಾಡಿದರೆ ಸ್ಥಳೀಯ ಕಟ್ಟಡ ನಿಯಂತ್ರಣ ಕಚೇರಿಗೆ ತಿಳಿಸಬೇಕು, ಇಲ್ಲವೇ ನೋಂದಾಯಿತ ಎಲೆಕ್ಟ್ರಿಷಿಯನ್ ತಾನೇ ಪ್ರಮಾಣೀಕರಿಸಬೇಕು. 2013ರಲ್ಲಿ ಇಂಗ್ಲೆಂಡ್ ಸಣ್ಣಪುಟ್ಟ ಕೆಲಸಗಳನ್ನು ಕೈಬಿಟ್ಟಿತು, ರೀವೈರಿಂಗನ್ನು ಬಿಡಲಿಲ್ಲ. ಇನ್ನೊಂದು ಕಚೇರಿ, ಇನ್ನೊಂದು ಮಾಮೂಲು ನಮಗೆ ಬೇಡ, ಒಪ್ಪುತ್ತೇನೆ. ಲೈಸೆನ್ಸ್ ಇರುವವರು ಅಳತೆಯ ಅಂಕಿಗಳ ಜೊತೆ ಆನ್‌ಲೈನಿನಲ್ಲಿ ದಾಖಲಿಸುವ ಒಂದು ವ್ಯವಸ್ಥೆ ಸಾಕು. 460 ಮೆಗಾವ್ಯಾಟಿನ ವಾರಾಹಿ ಭೂಗತ ವಿದ್ಯುದಾಗಾರ ಇರುವುದು ನಮ್ಮ ತಾಲೂಕಿನ ಹೊಸಂಗಡಿಯಲ್ಲೇ. 2023ರಿಂದ ಗೃಹಜ್ಯೋತಿಯ 200 ಯೂನಿಟ್ ಬಗ್ಗೆ ಪರ-ವಿರೋಧ ಎಷ್ಟು ಬರೆದಿದ್ದೇವೆ! ಆ ಯೂನಿಟ್ಟುಗಳು ಯಾವ ವೈರಿನಲ್ಲಿ ಒಳಗೆ ಬರುತ್ತಿವೆ ಅಂತ ನಾನೂ ಕೇಳಿರಲಿಲ್ಲ.

ಅಲ್ಲಿಯವರೆಗೆ ನೀವೇ ಕೇಳಿ. ಗುತ್ತಿಗೆದಾರನ ಲೈಸೆನ್ಸ್ ನಂಬರ್ ಕೇಳಿ, ಅವಧಿ ಮುಗಿದಿದೆಯಾ ನೋಡಿ. ಕೆಲಸ ಮುಗಿದ ಮೇಲೆ 500 ವೋಲ್ಟ್ ಮೆಗ್ಗರ್ ಹಾಕಿ ನಿಮ್ಮೆದುರೇ ತೋರಿಸಲಿ, ಒಂದು ಮೆಗಾ ಓಮಿಗಿಂತ ಕಡಿಮೆ ಬಂದರೆ ದುಡ್ಡು ಕೊಡಬೇಡಿ. ಮನೆಗಳಲ್ಲಿ ಹಾಕುವ ಆರ್‌ಸಿಸಿಬಿ 30 ಮಿಲಿ ಆಂಪಿಯರ್ ಸೋರಿಕೆ ಮೀರುವ ಮೊದಲೇ ಟ್ರಿಪ್ ಆಗಬೇಕು. ನಿಯಮ ಇದನ್ನು ಒಂದು ಮಿತಿಗಿಂತ ಹೆಚ್ಚು ಲೋಡ್ ಇರುವ ಮನೆಗೆ ಕಡ್ಡಾಯ ಮಾಡಿದೆ. ಸಣ್ಣ ಮನೆಗೂ ಹಾಕಿಸಿ ಅನ್ನುವುದು ನನ್ನ ಮಾತು. ಎಂಸಿಬಿ ಇದೆಯಲ್ಲ ಅನ್ನಬೇಡಿ. ಅದು ವೈರನ್ನು ಕಾಯುತ್ತದೆ, ಮನುಷ್ಯನನ್ನಲ್ಲ. ಅರ್ಥಿಂಗ್ ಅಳೆಸುವುದಾದರೆ ಏಪ್ರಿಲ್-ಮೇನಲ್ಲಿ ಅಳೆಸಿ; ಜುಲೈಯಲ್ಲಿ ಕರಾವಳಿಯ ಯಾವ ಗುಂಡಿ ತೋಡಿದರೂ ನೆಲ ಒದ್ದೆ, ರೀಡಿಂಗ್ ಚೆನ್ನಾಗೇ ಬರುತ್ತದೆ, ಮುರಕಲ್ಲು ಒಣಗಿದ ಮೇಲೆ ಬಣ್ಣ ಬಯಲಾಗುತ್ತದೆ.

ನಮ್ಮ ಮನೆ ಕೆಲಸವನ್ನು ಕೊನೆಗೆ ಲೈಸೆನ್ಸ್ ಇರುವವರಿಗೆ ಕೊಟ್ಟೆವು. ಖರ್ಚು ಹೆಚ್ಚಾಯ್ತು, ಎರಡು ದಿನದ ಬದಲು ಒಂಬತ್ತು ದಿನ ಹಿಡಿಯಿತು. ನಲ್ಲಿಯಲ್ಲಿ ಕರೆಂಟ್ ಬರುತ್ತಿದ್ದುದು ಪಂಪಿನ ವೈರಿನಿಂದ, ಮನೆಯಲ್ಲಿ ಅರ್ಥ್ ಅನ್ನುವುದೇ ಇರಲಿಲ್ಲ. ಅರ್ಥ್ ತಂತಿಯ ತುದಿ ಗೋಡೆಯಾಚೆ ಕೊಟ್ಟಿಗೆಯ ಕಂಬಕ್ಕೆ ಸುತ್ತಿತ್ತು, ಕಂಬ ಮರದ್ದು.