ಪದರ ಕಾಗದದ ಊರು

ಅಮೆರಿಕದ ಮ್ಯಾಸಚೂಸೆಟ್ಸಿನ ವೂಸ್ಟರಿನಲ್ಲಿ ಷುಗರ್ ಮೇಪಲ್ ಮರಗಳು ಕೆಂಪಾಗುವುದು ಅಕ್ಟೋಬರಿನಲ್ಲಿ. ನನ್ನ ಮೇಜಿನ ಮೇಲೆ ಆ ಎಲೆಗಳು ಸೆಪ್ಟೆಂಬರಿಗೇ ಬಂದುಬಿಡುತ್ತವೆ. ದಸರಾ, ದೀಪಾವಳಿ ಎರಡೂ ಇಲ್ಲಿಯ ಎಲೆ ಉದುರುವ ಕಾಲಕ್ಕೇ ಬೀಳುವುದರಿಂದ ಶಿವಮೊಗ್ಗದ ಅಣ್ಣ ಅತ್ತಿಗೆಗೆ, ಬೆಂಗಳೂರಿನ ಗೆಳತಿಯರಿಗೆ, ಈ ಬೀದಿಯ ಅಕ್ಕಪಕ್ಕದವರಿಗೆ ಕಳಿಸುವ ಕಾರ್ಡುಗಳನ್ನೆಲ್ಲ ಒಂದೇ ಸಲ ಮಾಡಿಡುತ್ತೇನೆ. ಮಡಿಸಿದ ಕೆನೆಬಣ್ಣದ ದಪ್ಪ ಕಾಗದ ತಳಕ್ಕೆ. ಅದರ ಮೇಲೆ ಸುತ್ತಲೂ ಒಂದೆಳೆ ಅಂಚು ಬಿಟ್ಟು ಸಾಸಿವೆ ಬಣ್ಣದ ಹಾಳೆ, ಅದಕ್ಕಿಂತ ಚಿಕ್ಕದೊಂದು ಇಟ್ಟಿಗೆಗೆಂಪಿನದು, ಮೇಲೆ ಬಿಳಿ. ಬಿಳಿಯ ಮೇಲೆ ರಬ್ಬರ್ ಸ್ಟ್ಯಾಂಪಿನಿಂದ ಮೇಪಲ್, ಓಕ್, ಬರ್ಚ್ ಎಲೆಗಳನ್ನು ಒತ್ತುತ್ತೇನೆ. ಬೇರೆ ಕಾಗದದ ಮೇಲೆ ಒತ್ತಿ ಕತ್ತರಿಸಿದ ಇನ್ನೊಂದು ಎಲೆಯನ್ನು ಫೋಮ್ ಟೇಪಿನ ಚೂರಿನ ಮೇಲೆ ಕೂರಿಸಿದರೆ ಅದು ಹಾಳೆಯಿಂದ ಎದ್ದು ನಿಲ್ಲುತ್ತದೆ. ಇದನ್ನು ನನಗೆ ಕಲಿಸಿದವರು ಇಲ್ಲಿಯ ಗ್ರಂಥಾಲಯದಲ್ಲಿ ವಾರಕ್ಕೊಮ್ಮೆ ಸೇರುವ ಹೆಂಗಸರು. ಇದು ಈಚಿನ ಹವ್ಯಾಸವೆಂದು ಅವರಲ್ಲಿ ಹೆಚ್ಚಿನವರ ನಂಬಿಕೆ. ಆದರೆ ಕಾಗದದ ಮೇಲೆ ಕಾಗದ ಕೂರಿಸಿ ಶುಭಾಶಯ ಮಾಡುವ ಈ ಕೆಲಸ ನೂರೆಪ್ಪತ್ತೈದು ವರ್ಷಗಳ ಹಿಂದೆ ಇದೇ ಊರಿನ ಹೆಂಗಸರ ಕೈಯಲ್ಲಿ ಸಂಬಳದ ಕಸುಬಾಗಿತ್ತು.

ಅದಕ್ಕೆ ದಾರಿ ಬಿಟ್ಟುಕೊಟ್ಟದ್ದು ಒಂದು ಅಂಚೆ ಕಾನೂನು. 1845ರ ಜೂನ್ ಮುಗಿಯುವ ತನಕ ಅಮೆರಿಕದ ಅಂಚೆಯಲ್ಲಿ ಕಾಗದಕ್ಕೆ ದರ ಕಟ್ಟುತ್ತಿದ್ದದ್ದು ಹಾಳೆಗಳನ್ನು ಎಣಿಸಿ, ದೂರ ನೋಡಿ. ನಾನೂರು ಮೈಲಿಗಿಂತ ದೂರಕ್ಕೆ ಒಂದು ಹಾಳೆಯ ಪತ್ರಕ್ಕೆ 25 ಸೆಂಟ್, ಎರಡು ಹಾಳೆಯಾದರೆ 50. ಲಕೋಟೆಯೂ ಒಂದು ಹಾಳೆಯೆಂದೇ ಲೆಕ್ಕ. ಹಾಗಾಗಿ ಜನ ಲಕೋಟೆಯ ಗೊಡವೆಗೇ ಹೋಗದೆ, ಬರೆದ ಹಾಳೆಯನ್ನೇ ಮಡಿಸಿ ಅರಗಿನಿಂದ ಮುಚ್ಚಿ, ಅದರ ಬೆನ್ನ ಮೇಲೆ ವಿಳಾಸ ಬರೆಯುತ್ತಿದ್ದರು. ಅಂಥ ಕಾಲದಲ್ಲಿ ನಾಲ್ಕು ಪದರದ ಕಾರ್ಡನ್ನು ಯಾರು ಕಳಿಸಿಯಾರು? ಆ ವರ್ಷದ ಜುಲೈ 1ರಿಂದ ಹೊಸ ಲೆಕ್ಕ ಬಂತು. ಮುನ್ನೂರು ಮೈಲಿಯೊಳಗೆ ಅರ್ಧ ಔನ್ಸಿಗೆ, ಅಂದರೆ ಸುಮಾರು 14 ಗ್ರಾಮಿಗೆ, 5 ಸೆಂಟ್, ಅದರಾಚೆಗೆ 10. ಹಾಳೆ ಎಷ್ಟಿದ್ದರೂ ಸರಿ, ತೂಕ ಮೀರಬಾರದು. 1851ರಲ್ಲಿ ಮುಂಗಡ ಕಟ್ಟಿದ ಪತ್ರಕ್ಕೆ ದರ 3 ಸೆಂಟಿಗೆ ಇಳಿಯಿತು. ಕಲೆಯ ಚರಿತ್ರೆ ಬರೆಯುವವರು ಚಿತ್ರಕಾರರ ಹೆಸರನ್ನು ಮೊದಲು ಬರೆಯುತ್ತಾರೆ. ನನ್ನನ್ನು ಕೇಳಿದರೆ ಪದರ ಕಾರ್ಡಿನ ಚರಿತ್ರೆಯನ್ನು ಅಂಚೆ ಕಚೇರಿಯ ತಕ್ಕಡಿಯಿಂದಲೇ ಶುರು ಮಾಡಬೇಕು.

ಹೊಸ ದರ ಬಂದು ಎರಡು ವರ್ಷಕ್ಕೆ, 1847ರಲ್ಲಿ, ಎಸ್ತರ್ ಹೌಲಂಡ್ ಎಂಬ ಹುಡುಗಿ ಮೌಂಟ್ ಹೋಲಿಯೋಕ್ ವಿದ್ಯಾಲಯದ ಓದು ಮುಗಿಸಿ ವೂಸ್ಟರಿಗೆ ಮರಳಿದಳು. ಆ ವಿದ್ಯಾಲಯವನ್ನು ಕಟ್ಟಿದ ಮೇರಿ ಲಯನ್ ಬಲು ಶಿಸ್ತಿನ ಹೆಂಗಸು. ಫೆಬ್ರವರಿಯ ವ್ಯಾಲೆಂಟೈನ್ ಚೀಟಿಗಳೆಂದರೆ ಆಕೆಗೆ ಆಗುತ್ತಿರಲಿಲ್ಲ. 1848ರಲ್ಲಿ ಅವನ್ನು ಕಳಿಸಕೂಡದೆಂದು ಆಕೆ ಕಟ್ಟಪ್ಪಣೆ ಮಾಡಿದ್ದನ್ನು ಅಲ್ಲಿ ಓದುತ್ತಿದ್ದ, ಮುಂದೆ ಕವಯಿತ್ರಿಯಾದ ಎಮಿಲಿ ಡಿಕಿನ್ಸನ್ ತನ್ನಣ್ಣನಿಗೆ ಬರೆದ ಪತ್ರದಲ್ಲಿ ತಿಳಿಸಿದ್ದಾಳೆ. ಅದೇ ವಿದ್ಯಾಲಯದಲ್ಲಿ ಕಲಿತ ಹೌಲಂಡ್ ಆ ಚೀಟಿಗಳಿಂದಲೇ ಬದುಕು ಕಟ್ಟಿಕೊಂಡಳು. ಅವಳ ತಂದೆಗೆ ವೂಸ್ಟರಿನಲ್ಲಿ ಪುಸ್ತಕ ಮತ್ತು ಲೇಖನ ಸಾಮಗ್ರಿಯ ಅಂಗಡಿಯಿತ್ತು. ಇಂಗ್ಲೆಂಡಿನಿಂದ ಬಂದ ಒಂದು ವ್ಯಾಲೆಂಟೈನ್ ಕಾರ್ಡನ್ನು ನೋಡಿ, ಇದಕ್ಕಿಂತ ಚೆನ್ನಾಗಿ ನಾನೇ ಮಾಡಬಲ್ಲೆ ಎಂದು ಅವಳಿಗೆ ಅನಿಸಿತು. ತಂದೆಯ ಮೂಲಕ ಲೇಸ್ ಕಾಗದ, ಬಣ್ಣದ ಹಾಳೆ, ಹೂವಿನ ಚಿತ್ರಗಳನ್ನು ತರಿಸಿಕೊಂಡು ಕೆಲವು ಮಾದರಿಗಳನ್ನು ಮಾಡಿದಳು. ಅಂಗಡಿಯ ವ್ಯಾಪಾರಕ್ಕೆ ಊರೂರು ತಿರುಗುತ್ತಿದ್ದ ಸೋದರ ಅವನ್ನೂ ಜೊತೆಗೆ ಒಯ್ದ. ಇನ್ನೂರು ಡಾಲರಿನ ಆರ್ಡರು ಸಿಕ್ಕರೆ ಸಾಕೆಂದುಕೊಂಡಿದ್ದವಳಿಗೆ ಅವನು ಐದು ಸಾವಿರ ಡಾಲರಿನ ಆರ್ಡರು ತಂದುಕೊಟ್ಟ ಎಂಬ ಕಥೆಯನ್ನು ಈ ಊರು ಇಂದಿಗೂ ಹೇಳುತ್ತದೆ.

ಒಬ್ಬಳ ಕೈಯಲ್ಲಿ ಆಗುವ ಕೆಲಸವಲ್ಲ ಅದು. ಗೆಳತಿಯರನ್ನು ಕರೆದಳು. ಸಮ್ಮರ್ ಬೀದಿಯ ತಮ್ಮ ಮನೆಯ ಮೂರನೆಯ ಮಹಡಿಯ ಕೋಣೆಯಲ್ಲಿ ಉದ್ದನೆಯ ಮೇಜು ಹಾಕಿಸಿದಳು. ಒಬ್ಬಳು ಚಿತ್ರ ಕತ್ತರಿಸುತ್ತಾಳೆ, ಪಕ್ಕದವಳು ತಳದ ಹಾಳೆ ಸಿದ್ಧ ಮಾಡುತ್ತಾಳೆ, ಮತ್ತೊಬ್ಬಳು ಹೌಲಂಡ್ ಮಾಡಿಟ್ಟ ಮಾದರಿಯನ್ನು ನೋಡಿಕೊಂಡು ಅಂಟಿಸುತ್ತಾಳೆ. ಕೆಲಸವನ್ನು ಹೀಗೆ ಸಾಲಾಗಿ ಹಂಚಿ ಕಾರು ಮಾಡಿಸಿ ಹೆಸರಾದ ಹೆನ್ರಿ ಫೋರ್ಡ್ ಹುಟ್ಟಿದ್ದೇ 1863ರಲ್ಲಿ ಎಂಬುದನ್ನು ಇಲ್ಲಿ ನೆನೆಯಬೇಕು. ಮನೆ ಬಿಟ್ಟು ಬರಲಾಗದ ಹೆಂಗಸರಿಗೂ ಕೆಲಸ ಸಿಕ್ಕಿತು. ಸಾಮಾನು ತುಂಬಿದ ಪೆಟ್ಟಿಗೆ ಗಾಡಿಯಲ್ಲಿ ಅವರ ಮನೆಬಾಗಿಲಿಗೆ ಬರುತ್ತಿತ್ತು, ವಾರ ಕಳೆದು ಅಂಟಿಸಿದ ಕಾರ್ಡುಗಳು ಅದೇ ಗಾಡಿಯಲ್ಲಿ ವಾಪಸು ಹೋಗುತ್ತಿದ್ದವು. ಇದನ್ನು ಓದಿದಾಗ ನನಗೆ ನೆನಪಾದದ್ದು ಶಿವಮೊಗ್ಗದ ನಮ್ಮ ಓಣಿಯಲ್ಲಿ ಮಧ್ಯಾಹ್ನದ ಹೊತ್ತು ಜಗಲಿಯ ಮೇಲೆ ಕೂತು ಬೀಡಿ ಕಟ್ಟುತ್ತಿದ್ದ ಹೆಂಗಸರು.

ಹೌಲಂಡಳ ಕಾರ್ಡಿನ ಚೆಲುವಿರುವುದು ಪದರದಲ್ಲಿ. ಲೇಸ್ ಕಾಗದ ತಯಾರಾಗುತ್ತಿದ್ದ ಬಗೆಯೇ ಚೆಂದ. ಕಾಗದದ ಮೇಲೆ ಉಬ್ಬಚ್ಚು ಒತ್ತಿ, ಎದ್ದ ಉಬ್ಬನ್ನು ಸವೆಯುವಂತೆ ಉಜ್ಜಿದರೆ ಅಲ್ಲಲ್ಲಿ ತೂತು ಬಿದ್ದು ಹೆಣೆದ ಕಸೂತಿಯಂತೆ ಕಾಣುತ್ತದೆ. ಬಿಳಿ ಲೇಸನ್ನು ಬಿಳಿ ಹಾಳೆಯ ಮೇಲೆ ಅಂಟಿಸಿದರೆ ತೂತುಗಳು ಕಣ್ಣಿಗೆ ಬೀಳುವುದಿಲ್ಲ. ಅವಳು ಅದರ ಅಡಿಗೆ ಕೆಂಪು, ನೀಲಿ, ಹಸಿರು ಹೊಳಪು ಕಾಗದದ ಬಿಲ್ಲೆಗಳನ್ನು ಇಟ್ಟಳು. ತೂತು ತೂತಿನಲ್ಲೂ ಬಣ್ಣ ಇಣುಕಿತು. ಆಮೇಲೆ ಕಾಗದದ ಪಟ್ಟಿಯನ್ನು ಹಿಂದು ಮುಂದಾಗಿ ಮಡಿಸಿ ಸ್ಪ್ರಿಂಗಿನಂತೆ ಮಾಡಿ, ಅದರ ಮೇಲೆ ಲೇಸನ್ನೋ ಚಿತ್ರವನ್ನೋ ನಿಲ್ಲಿಸಿದಳು. ಈಗ ನಾವು ಫೋಮ್ ಟೇಪಿನಿಂದ ಮಾಡುವುದು ಆ ಕೆಲಸವನ್ನೇ. ವೂಸ್ಟರಿನ ಅಮೆರಿಕನ್ ಆಂಟಿಕ್ವೇರಿಯನ್ ಸೊಸೈಟಿಯ ಸಂಗ್ರಹದಲ್ಲಿ ಹಳೆಯ ವ್ಯಾಲೆಂಟೈನ್‌ಗಳಿವೆ. ಅಂಥ ಕಾರ್ಡೊಂದನ್ನು ಹತ್ತಿರದಿಂದ ನೋಡಿದರೆ ಮೇಲಿನ ಪದರದ ನೆರಳು ಕೆಳಗಿನದರ ಮೇಲೆ ಬಿದ್ದಿರುತ್ತದೆ. ಆ ನೆರಳನ್ನು ಅಚ್ಚಿನಲ್ಲಿ ತೆಗೆಯಲು ಬರುವುದಿಲ್ಲ.

ಅವಳೇ ಮೊದಲಿಗಳು ಎಂದು ನಾನು ಹೇಳುವುದಿಲ್ಲ. ಪಕ್ಕದ ಗ್ರಾಫ್ಟನ್ನಿನಲ್ಲಿ ಟ್ಯಾಫ್ಟ್ ಮನೆತನದವರೂ ಇಂಥ ಕಾರ್ಡುಗಳನ್ನು ಮಾಡುತ್ತಿದ್ದರು, ಮುಂದೆ ಅವರಲ್ಲೊಬ್ಬರು ಇವಳ ಪಾಲುದಾರರೂ ಆದರು. 1866ರಲ್ಲಿ ಹೌಲಂಡ್ ಮಂಡಿಗೆ ಪೆಟ್ಟಾಗಿ ಗಾಲಿಕುರ್ಚಿ ಹಿಡಿದಳು. ಹಾಗೆ ಕೂತೇ ನ್ಯೂ ಇಂಗ್ಲೆಂಡ್ ವ್ಯಾಲೆಂಟೈನ್ ಕಂಪನಿಯನ್ನು ನಡೆಸಿದಳು. 1879ರಲ್ಲಿ 131 ಪದ್ಯಗಳ ಒಂದು ಪುಸ್ತಕ ತಂದಳು. ಕಾರ್ಡು ಹಿಡಿಸಿ ಒಳಗಿನ ಪದ್ಯ ಹಿಡಿಸದವರು ಈ ಪುಸ್ತಕದಿಂದ ಬೇರೊಂದನ್ನು ಆರಿಸಿಕೊಂಡು ಅದರ ಮೇಲೆ ಅಂಟಿಸಿಕೊಳ್ಳಬಹುದಿತ್ತು. ಅಲ್ಲಿಯೂ ಮತ್ತೊಂದು ಪದರ! ತಂದೆಯ ಕಾಯಿಲೆಯ ಆರೈಕೆಗೆಂದು 1880ರ ಸುಮಾರಿಗೆ ವ್ಯಾಪಾರವನ್ನು ಜಾರ್ಜ್ ವಿಟ್ನಿಗೆ ಮಾರಿದಳು. 1904ರಲ್ಲಿ ತೀರಿಕೊಂಡಳು. ಮದುವೆಯಾಗಿರಲಿಲ್ಲ.

ಇನ್ನು ಎಲೆಗಳ ವಿಷಯ. ಆ ಕಾಲದಲ್ಲಿ ಈ ನ್ಯೂ ಇಂಗ್ಲೆಂಡ್ ಸೀಮೆಯ ಹೆಂಗಸರು ಶರತ್ಕಾಲದ ಎಲೆಗಳನ್ನು ಆರಿಸಿ ತಂದು ಪುಸ್ತಕದ ನಡುವೆ ಒತ್ತಿ, ಜೇನುಮೇಣ ಸವರಿ, ಇಸ್ತ್ರಿ ಹಾಕಿ ಬಣ್ಣ ಉಳಿಸಿಕೊಳ್ಳುತ್ತಿದ್ದರು. ಎಲೆಯ ತಿರುಳನ್ನು ಕೊಳೆಸಿ ತೆಗೆದು ನರಗಳ ಬಲೆಯನ್ನಷ್ಟೇ ಉಳಿಸಿಕೊಳ್ಳುವ ಹುಚ್ಚೂ ಇತ್ತು, ಆ ವಿದ್ಯೆಗೆಂದೇ 1864ರಲ್ಲಿ ಬಾಸ್ಟನ್ನಿನಲ್ಲಿ ಒಂದು ಪುಸ್ತಕ ಅಚ್ಚಾಯಿತು. ನಮ್ಮಲ್ಲಿ ಅರಳಿ ಎಲೆಯನ್ನು ವಾರಗಟ್ಟಲೆ ನೀರಲ್ಲಿ ನೆನೆಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ತಿಕ್ಕಿ, ಉಳಿದ ಬಲೆಯ ಮೇಲೆ ಗಣಪತಿಯನ್ನೋ ನವಿಲನ್ನೋ ಬರೆದು ಗ್ರೀಟಿಂಗ್ ಕಾರ್ಡಿಗೆ ಅಂಟಿಸುತ್ತಿದ್ದೆವಲ್ಲ, ಅದೇ ಕೆಲಸ. ಬಾಸ್ಟನ್ನಿನ ಹೆಂಗಸರಿಗೂ ನಮಗೂ ಇದನ್ನು ಒಬ್ಬರಿಗೊಬ್ಬರು ಹೇಳಿಕೊಡಬೇಕಾಗಿರಲಿಲ್ಲ. ನೀರಿಗೆ ಬಿದ್ದ ಎಲೆಯನ್ನು ಗಮನಿಸುವ ಕಣ್ಣಿದ್ದರೆ ಆಯಿತು.

ಆ ಎಲೆಗಳನ್ನು ಅಚ್ಚಿಗೆ ತಂದವನು ಲೂಯಿ ಪ್ರ್ಯಾಂಗ್. ಪ್ರಷ್ಯದ ಬ್ರೆಸ್ಲಾವಿನಲ್ಲಿ 1824ರಲ್ಲಿ ಹುಟ್ಟಿದವನು, 1848ರ ಕ್ರಾಂತಿ ಸೋತಮೇಲೆ ದೇಶ ಬಿಟ್ಟು 1850ರಲ್ಲಿ ಅಮೆರಿಕಕ್ಕೆ ಬಂದ. ಬಾಸ್ಟನ್ನಿನಲ್ಲಿ ಕಲ್ಲಚ್ಚಿನ ಬಣ್ಣದ ಮುದ್ರಣ ಶುರುಮಾಡಿದ. ಒಂದೊಂದು ಬಣ್ಣಕ್ಕೆ ಒಂದೊಂದು ಸುಣ್ಣಕಲ್ಲು, ಕೆಲವು ಚಿತ್ರಗಳಿಗೆ ಇಪ್ಪತ್ತಕ್ಕೂ ಹೆಚ್ಚು ಕಲ್ಲು. 1860ರ ದಶಕದಲ್ಲಿ ಆಲ್ಬಮ್ಮಿನಲ್ಲಿ ಅಂಟಿಸಿಕೊಳ್ಳಲೆಂದು ಅವನು ಮಾರಿದ ಪುಟ್ಟ ಕಾರ್ಡುಗಳಲ್ಲಿ ಶರತ್ಕಾಲದ ಎಲೆಗಳ ಸಾಲೂ ಒಂದು. ಮೇಪಲ್ಲಿನ ಕೆಂಪು ಹಳದಿಗೆ ತಿರುಗುವ ಕಡೆ ಎಲ್ಲಿ ಒಂದು ಮುಗಿಯಿತು, ಎಲ್ಲಿ ಇನ್ನೊಂದು ಶುರುವಾಯಿತು ಎಂದು ಹೇಳಲಾಗದಷ್ಟು ನಯ. 1870ರ ದಶಕದಲ್ಲಿ ಕ್ರಿಸ್‌ಮಸ್ ಕಾರ್ಡಿಗೂ ಕೈಹಾಕಿದ. 1880ರಲ್ಲಿ ಕಾರ್ಡಿನ ಚಿತ್ರಕ್ಕೆ ಸ್ಪರ್ಧೆಯಿಟ್ಟು ಸಾವಿರ ಡಾಲರಿನ ಮೊದಲ ಬಹುಮಾನವನ್ನು ರೊಸೀನಾ ಎಮೆಟ್ ಎಂಬ ಕಲಾವಿದೆಗೆ ಕೊಟ್ಟ. ಪ್ರ್ಯಾಂಗ್ ಬಗ್ಗೆ ನನಗೆ ಗೌರವವಿದೆ. ಒಳ್ಳೆಯ ಚಿತ್ರವನ್ನು ಸಾಮಾನ್ಯರ ಮನೆಗೆ ಮುಟ್ಟಿಸಿದವನು ಅವನು. ಆದರೂ ಅವನ ಎಲೆಯನ್ನು ಬೆರಳಿನಿಂದ ಸವರಿದರೆ ಸಿಗುವುದು ಬರೀ ಸಪಾಟು ಕಾಗದ. ಮುಂದೆ ಅವನಿಗಿಂತಲೂ ಅಗ್ಗದ ಜರ್ಮನ್ ಕಾರ್ಡುಗಳು ಬಂದವು, 1890ರ ದಶಕದಲ್ಲಿ ಅವನೂ ಶುಭಾಶಯ ಪತ್ರದ ವ್ಯಾಪಾರ ಬಿಟ್ಟ.

ರಬ್ಬರ್ ಸ್ಟ್ಯಾಂಪಿನ ಬೇರೂ ಈ ಮ್ಯಾಸಚೂಸೆಟ್ಸಿನಲ್ಲೇ ಇದೆ. 1839ರಲ್ಲಿ ವೋಬರ್ನ್ ಎಂಬ ಊರಿನಲ್ಲಿ ಚಾರ್ಲ್ಸ್ ಗುಡ್‌ಇಯರ್ ಗಂಧಕ ಬೆರೆಸಿದ ರಬ್ಬರನ್ನು ಬಿಸಿಮಾಡಿ, ಬೇಸಿಗೆಗೆ ಅಂಟದ, ಚಳಿಗೆ ಬಿರಿಯದ ವಸ್ತುವನ್ನು ಕಂಡುಕೊಂಡ. 1844ರಲ್ಲಿ ಪೇಟೆಂಟ್ ಸಿಕ್ಕಿತು. ಮೊದಲು ಅದರಿಂದ ಲಾಭ ಮಾಡಿಕೊಂಡವರಲ್ಲಿ ಹಲ್ಲಿನ ವೈದ್ಯರೂ ಇದ್ದರು. ಕಟ್ಟಿಸಿದ ಹಲ್ಲಿನ ವಸಡನ್ನು ಗಟ್ಟಿ ರಬ್ಬರಿನಲ್ಲಿ ಬೇಯಿಸಲು ಅವರಲ್ಲಿ ಚಿಕ್ಕ ಆವಿ ಪಾತ್ರೆಗಳಿದ್ದವು. 1860ರ ದಶಕದಲ್ಲಿ ಮೊದಲ ರಬ್ಬರ್ ಮೊಹರುಗಳು ಬೆಂದದ್ದು ಅದೇ ಪಾತ್ರೆಗಳಲ್ಲಿ. ಅಚ್ಚಿನ ಮೊಳೆ ಜೋಡಿಸಿ, ಅದರಿಂದ ಪ್ಲಾಸ್ಟರಿನ ಪಡಿಯಚ್ಚು ತೆಗೆದು, ಹಸಿ ರಬ್ಬರನ್ನು ಒತ್ತಿ ಬೇಯಿಸಿದರೆ ಮೊಹರು ಸಿದ್ಧ. ಮೊದಲು ಮಾಡಿದವರು ಯಾರೆಂಬುದಕ್ಕೆ ಆಗಲೇ ಹಲವರ ನಡುವೆ ಜಗಳವಿತ್ತು. ಬಹಳ ಕಾಲ ಅದು ಕಚೇರಿ, ಬ್ಯಾಂಕು, ಅಂಗಡಿಗಳ ಸಾಮಾನಾಗಿಯೇ ಇತ್ತು. ಎಲೆ, ಹೂವು, ಕುಂಬಳಕಾಯಿಯ ಮೊಹರುಗಳು ಮನೆಯ ಮೇಜಿಗೆ ಹಿಂಡುಹಿಂಡಾಗಿ ಬಂದದ್ದು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ.

ಅಷ್ಟು ಹೊತ್ತಿಗೆ ವೂಸ್ಟರಿನ ಕಸುಬು ಮುಗಿದಿತ್ತು. ಹೌಲಂಡಳ ವ್ಯಾಪಾರ ಕೊಂಡ ವಿಟ್ನಿ ಕಂಪನಿ ಯಂತ್ರಗಳನ್ನು ಹಾಕಿ ದೊಡ್ಡದಾಗಿ ಬೆಳೆಯಿತು. ಪೋಸ್ಟ್‌ಕಾರ್ಡುಗಳ ಕಾಲದಲ್ಲಿ ಹ್ಯಾಲೋವೀನಿನ ಶರತ್ಕಾಲದ ಕಾರ್ಡುಗಳನ್ನೂ ಅಚ್ಚುಹಾಕಿತು. ಎರಡನೆಯ ಮಹಾಯುದ್ಧದ ಕಾಗದದ ಅಭಾವದಲ್ಲಿ, 1942ರಲ್ಲಿ, ಬಾಗಿಲು ಮುಚ್ಚಿತು.

ಹೌಲಂಡಳ ಕಾರ್ಡುಗಳ ಹಿಂಬದಿಯಲ್ಲಿ ಕೆಂಪು ಬಣ್ಣದ ‘ಎಚ್’ ಅಕ್ಷರವಿರುತ್ತಿತ್ತು. ಸಂಗ್ರಹಕಾರರು ಇಂದೂ ಕಾರ್ಡನ್ನು ತಿರುಗಿಸಿ ಮೊದಲು ಹುಡುಕುವುದು ಅದನ್ನೇ. ಲೇಸಿನಡಿಗೆ ಬಿಲ್ಲೆ ಇಟ್ಟವಳ, ಸ್ಪ್ರಿಂಗು ಮಡಿಸಿದವಳ ಗುರುತು ಆ ಕಾರ್ಡುಗಳ ಮೇಲೆ ಎಲ್ಲಿಯೂ ಇಲ್ಲ. ಈ ಚರಿತ್ರೆಯಲ್ಲಿ ನನ್ನನ್ನು ಕಾಡುವುದು ಇದೇ. ಅದಕ್ಕೇ ಗ್ರಂಥಾಲಯದ ನಮ್ಮ ಗುಂಪಿನಲ್ಲಿ ಒಂದು ಕಾರ್ಡಿಗೆ ಮೂವರು ಕೈಹಾಕಿದ್ದರೆ ಮೂವರ ಹೆಸರನ್ನೂ ಪೆನ್ಸಿಲಿನಲ್ಲಿ ಹಿಂದೆ ಬರೆಯಿಸುತ್ತೇನೆ. ಬೇಗ ಮುಗಿಸಿ ಹೊರಡಬೇಕೆನ್ನುವವರನ್ನೂ ಬಿಡುವುದಿಲ್ಲ.

ಅಂಚೆಯ ತಕ್ಕಡಿಯ ಕಾಟ ಮಾತ್ರ ಇನ್ನೊಂದು ರೂಪದಲ್ಲಿ ಉಳಿದಿದೆ. ಈಗ ಲೆಕ್ಕಕ್ಕೆ ತೂಕದ ಜೊತೆ ದಪ್ಪವೂ ಸೇರಿದೆ. ಕಾಲು ಅಂಗುಲ ಮೀರಿದ ಲಕೋಟೆ ಅಮೆರಿಕದ ಅಂಚೆಗೆ ಪತ್ರವೇ ಅಲ್ಲ. ಅದರೊಳಗಿದ್ದರೂ ಬಾಗದಿದ್ದರೆ, ಒಂದು ಕಡೆ ಉಬ್ಬಿದ್ದರೆ, ಚಚ್ಚೌಕವಾಗಿದ್ದರೆ ವಿಂಗಡಿಸುವ ಯಂತ್ರಕ್ಕೆ ಒಗ್ಗುವುದಿಲ್ಲವೆಂದು ಹೆಚ್ಚಿನ ದರ ಬೀಳುತ್ತದೆ. ಪದರ ಕಾರ್ಡು ಮಾಡುವವರು ಅಂಚೆಪೆಟ್ಟಿಗೆಗೆ ಹಾಕಿ ಬರದೆ ಕೌಂಟರಿಗೇ ಹೋಗಿ, ಕೈಯಿಂದಲೇ ಮುದ್ರೆ ಒತ್ತಿ ಕಳಿಸಿ ಎಂದು ಕೇಳುವುದು ಒಳ್ಳೆಯದು. ಊರಿಗೆ ಹೋಗುವ ಕಾರ್ಡುಗಳಲ್ಲಿ ನಾನು ಎದ್ದು ನಿಲ್ಲುವ ಎಲೆಯನ್ನು ಒಂದಕ್ಕೇ ನಿಲ್ಲಿಸುತ್ತೇನೆ, ಅದನ್ನೂ ಮೂಲೆ ಬಿಟ್ಟು ನಡುವೆ ಕೂರಿಸುತ್ತೇನೆ. ಅಂಚು ಕಟ್ಟಿದ ನಾಲ್ಕು ಪದರಗಳಲ್ಲಿ ಒಂದನ್ನೂ ಕಡಿಮೆ ಮಾಡುವುದಿಲ್ಲ.